ಅಕ್ಕ ನಿಲ್ಲಿಸು ಎಂದ ಗುಳಿಗೆ

ತಾವರಗೇರಾ
18 ಜನವರಿ 1999

ಅಕ್ಕಾ,

ನಾವೆಲ್ಲ ಕ್ಷೇಮ ಎಂದು ಬರೆದು ಶುರು ಮಾಡಬೇಕು. ನಿನಗೆ ಸುಳ್ಳು ಬರೆಯಲಾರೆ. ಸಹನಾ ಆರಾಮ ಇದ್ದಾಳೆ, ಒಂದನೇ ತರಗತಿಗೆ ಕುಣಿಯುತ್ತಾ ಹೋಗುತ್ತಾಳೆ. ನಮ್ಮ ಮನೆಯವರು, ನಿನ್ನ ಮೈದುನ ಯಂಕೇಶ, ಅವರ ಸೈಕಲ್ ಅಂಗಡಿಯೂ ನಡೆಯುತ್ತಿದೆ. ನಾನೇ ಸರಿಯಿಲ್ಲ.

ಏಳು ತಿಂಗಳಾಯಿತು, ಮುಟ್ಟು ಬಂದರೆ ಹನ್ನೆರಡು ದಿನವಾದರೂ ನಿಲ್ಲುವುದಿಲ್ಲ. ಗಡ್ಡೆಗಡ್ಡೆಯಾಗಿ ಹೋಗುತ್ತದೆ. ಹೋದ ವಾರ ನೀರಿನ ಕೊಡ ಹೊತ್ತು ಬರುವಾಗ ಕಣ್ಣು ಕತ್ತಲಾಗಿ ಗೋಡೆ ಹಿಡಿದು ನಿಂತೆ. ಕುಷ್ಟಗಿಯ ಡಾಕ್ಟರು ಗುಳಿಗೆ ಕೊಟ್ಟಿದ್ದರು. ಒಂದು ತಿಂಗಳು ಕಡಿಮೆಯಾಯಿತು. ಮತ್ತೆ ಬಾ, ಬೇರೆ ಗುಳಿಗೆ ಬದಲಿಸಿ ನೋಡೋಣ ಎಂದಿದ್ದರು. ನಾನು ಹೋಗಲಿಲ್ಲ.

ಪಕ್ಕದ ಮನೆಯ ಇಮಾಮಬೀ, "ಎಷ್ಟು ದಿನ ಅಂತ ಒದ್ದಾಡ್ತಿಯವಾ? ಗರ್ಭಚೀಲ ತೆಗಿಸಿಬಿಡು. ನಾನೂ ತೆಗಿಸೀನಲ್ಲ, ಮೈ ಹಗುರ ಆಗೇತಿ" ಎನ್ನುತ್ತಾಳೆ. ಇವರನ್ನು ಕೇಳಿದರೆ, "ನಿಮ್ಮಕ್ಕ ನರ್ಸ್ ಅದಾಳ. ಆಕಿ ಹೆಂಗ ಹೇಳ್ತಾಳ ಹಂಗ ಮಾಡೂಣು" ಎಂದರು. ನನಗೂ ಅದೇ ಸರಿ ಅನ್ನಿಸಿತು. ಶಬ್ಬೀರಸಾಬನ ಅಂಗಡಿಯಿಂದ ಫೋನ್ ಮಾಡಬಹುದಿತ್ತು, ಆದರೆ ಅಲ್ಲಿ ಯಾವಾಗಲೂ ನಾಲ್ಕು ಮಂದಿ ಗಂಡಸರು ನಿಂತಿರುತ್ತಾರೆ. ಈ ಮಾತನ್ನು ಅವರ ಮುಂದೆ ಹೇಗೆ ಆಡಲಿ?

ಏನು ಮಾಡಲಿ, ಬರೆ.

ನಿನ್ನ ತಂಗಿ
ಕಳಕಮ್ಮ


ಕಾರಟಗಿ
2 ಫೆಬ್ರುವರಿ 1999

ಕಳಕೀ,

ನಿನ್ನ ಪತ್ರ ಬಂದ ದಿನ ಒಬ್ಬ ಬಾಣಂತಿಯನ್ನು ನೋಡಲು ಹಳ್ಳಿಗೆ ಹೋಗಬೇಕಿತ್ತು. ದಾರಿಯುದ್ದಕ್ಕೂ ನಿನ್ನದೇ ಯೋಚನೆ. ಇಷ್ಟು ದಿನ ಮುಚ್ಚಿಟ್ಟೆಯಲ್ಲ, ಅದಕ್ಕೆ ಮೊದಲು ಎರಡು ಬಡಿಯಬೇಕು ನಿನಗೆ.

ಗುಳಿಗೆ ನುಂಗುತ್ತಾ ಕೂಡುವುದು ಬೇಡ. ಗಂಗಾವತಿಯಲ್ಲಿ ನನಗೆ ಗೊತ್ತಿರುವ ಒಬ್ಬ ಡಾಕ್ಟರ ಹತ್ತಿರ ಮಾತಾಡಿದ್ದೇನೆ. ನೋಡಿ, ಪರೀಕ್ಷೆ ಮಾಡಿ, ತೆಗೆಯಬೇಕಾದರೆ ತೆಗೆದುಬಿಡುತ್ತಾರೆ. ನಿನಗೆ ನಮ್ಮ ಚಿಗವ್ವನ ನೆನಪು ಸರಿಯಾಗಿ ಇರಲಿಕ್ಕಿಲ್ಲ, ಸಣ್ಣವಳಿದ್ದೆ. ಅವ್ವನ ತಂಗಿ, ಇಟಗಿಯ ನಮ್ಮ ತವರಿನಲ್ಲಿ ಅವ್ವನ ಮಗ್ಗುಲಲ್ಲೇ ಮಲಗಿ ನರಳುತ್ತಿದ್ದಳು. ಹೊಟ್ಟೆಯೊಳಗೆ ಗಡ್ಡೆ ಬೆಳೆದು ಮೂವತ್ತೆಂಟಕ್ಕೇ ಹೋದಳು. ಆಕೆಗೂ ಶುರುವಾಗಿದ್ದು ಹೀಗೆಯೇ. ನಾನು ನರ್ಸ್ ತರಬೇತಿಗೆ ಹೋಗಿದ್ದೇ ಆಕೆಯನ್ನು ನೋಡಿ. ನಿನ್ನನ್ನು ಹಾಗೆ ಬಿಡುವುದಿಲ್ಲ.

ಅವ್ವನನ್ನು ಕರೆಸುತ್ತೇನೆ, ಸಹನಾಳನ್ನು ಆಕೆ ನೋಡಿಕೊಳ್ಳುತ್ತಾಳೆ. ನೀನು ಮಾರ್ಚ್ ಮೊದಲ ವಾರ ಬಂದುಬಿಡು. ಆಪರೇಶನ್ ಕೋಣೆಯೊಳಗೆ ನಾನೂ ಇರುತ್ತೇನೆ. ಯಾವುದಕ್ಕೂ ಹೆದರಬೇಡ. ನೀನು ಕಣ್ಣು ಮುಚ್ಚಿ ಮಲಗಿದರೆ ಆಯಿತು, ಉಳಿದದ್ದೆಲ್ಲ ನನಗೆ ಬಿಡು.

ಹೊಳಿಯಮ್ಮ


ತಾವರಗೇರಾ
20 ಜೂನ್ 1999

ಅಕ್ಕಾ,

ನೀನು ಹೇಳಿದಂತೆಯೇ ಆಯಿತು. ಆಪರೇಶನ್ ಆಗಿ ಮೂರು ತಿಂಗಳು ದಾಟಿತು, ರಕ್ತದ ಕಾಟ ಮುಗಿಯಿತು. ಇವರ ತಂಗಿಯ ಮದುವೆಗೆ ತಿಳಿ ಬಣ್ಣದ ಸೀರೆ ಉಟ್ಟು ಹೋದೆ. ಮೂರು ಸಲ ಎದ್ದು ಹಿಂದೆ ನೋಡಿಕೊಳ್ಳುವ ಚಿಂತೆ ಇರಲಿಲ್ಲ. ನಿನ್ನ ಹೆಸರು ಹೇಳಿ ಊಟ ಮಾಡಿದೆ.

ಆದರೆ ಬೇರೆ ಒಂದು ಶುರುವಾಗಿದೆ. ಕುಳಿತಲ್ಲೇ ಎದೆಯಿಂದ ಬೆಂಕಿ ಎದ್ದು ಕುತ್ತಿಗೆ, ಮುಖಕ್ಕೆ ಏರುತ್ತದೆ. ಕುಪ್ಪಸ ತೊಯ್ದು ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಮೈ ತಣ್ಣಗೆ ನಡುಗುತ್ತದೆ. ದಿನಕ್ಕೆ ಹತ್ತು, ಹದಿನೈದು ಸಲ. ನಿದ್ರೆ ಇಲ್ಲ. ಕೈಕಾಲಿನ ಸಂದುಗಳು ಹಿಡಿದುಕೊಳ್ಳುತ್ತವೆ. ಮೊನ್ನೆ ಸಹನಾ ಸ್ಲೇಟು ಒಡೆದಳೆಂದು ಹೊಡೆದೆ. ಅವಳು ಅತ್ತು ಸುಮ್ಮನಾದಳು, ನನ್ನ ಅಳು ನಿಲ್ಲಲಿಲ್ಲ. ಇನ್ನೊಂದು ಮಾತು ಇದೆ, ಅದನ್ನು ಬರೆಯಲು ನಾಚಿಕೆ. ಇವರು ಹತ್ತಿರ ಬಂದರೆ ನನಗೆ ನೋವಾಗುತ್ತದೆ.

ಇಮಾಮಬೀಯನ್ನು ಕೇಳಿದೆ. "ನನಗ ಹಿಂಗೇನೂ ಆಗ್ಲಿಲ್ಲವಾ. ನಿನ್ನ ಹೊಟ್ಟ್ಯಾಗಿಂದ ಮತ್ತೇನರ ತೆಗದಾರೇನು? ಅಕ್ಕನ್ನ ಕೇಳು" ಎಂದಳು.

ಅದಕ್ಕೇ ಕೇಳುತ್ತಿದ್ದೇನೆ. ನೀನು ಒಳಗೇ ಇದ್ದೆಯಲ್ಲ. ಗರ್ಭಚೀಲ ಬಿಟ್ಟು ಬೇರೆ ಏನಾದರೂ ತೆಗೆದರೇ? ಆಸ್ಪತ್ರೆಯ ಚೀಟಿ ನಿನ್ನ ಹತ್ತಿರವೇ ಉಳಿದಿದೆ, ಕಳಿಸು.

ಕಳಕಮ್ಮ


ಕಾರಟಗಿ
5 ಜುಲೈ 1999

ಕಳಕೀ,

ನಿನಗೆ ಆಗಿರುವುದು ನಿಶ್ಶಕ್ತಿ. ಎಷ್ಟೊಂದು ರಕ್ತ ಕಳೆದುಕೊಂಡಿದ್ದೆ, ಮೇಲೆ ದೊಡ್ಡ ಆಪರೇಶನ್. ಮೈ ಸುಧಾರಿಸಿಕೊಳ್ಳಲು ವರ್ಷ ಬೇಕು. ದಿನಾ ಹಾಲು ಕುಡಿ, ನುಗ್ಗೆಸೊಪ್ಪು, ರಾಗಿ, ಎಳ್ಳು ತಿನ್ನು. ಇದರ ಜೊತೆ ಕಬ್ಬಿಣದ ಗುಳಿಗೆ ಕಳಿಸಿದ್ದೇನೆ. ಭಾರ ಎತ್ತಬೇಡ. ಸಹನಾಳನ್ನು ಹೊಡೆಯಬೇಡ.

ಇಮಾಮಬೀಯ ಮಾತು ಕೇಳಿ ತಲೆ ಕೆಡಿಸಿಕೊಳ್ಳಬೇಡ. ಒಬ್ಬೊಬ್ಬರ ಮೈ ಒಂದೊಂದು ಥರ. ಚೀಟಿ ಎಲ್ಲಿಟ್ಟಿದ್ದೇನೋ, ಹುಡುಕಿ ಕಳಿಸುತ್ತೇನೆ.

ಇಲ್ಲಿ ನಾಟಿ ಶುರುವಾಗಿದೆ. ಊರೆಲ್ಲ ಕೆಸರು, ಮನೆಮನೆಗೂ ಜ್ವರ. ಪುರುಸೊತ್ತಿಲ್ಲ, ಇಷ್ಟಕ್ಕೇ ಮುಗಿಸುತ್ತೇನೆ.

ಹೊಳಿಯಮ್ಮ


ತಾವರಗೇರಾ
12 ನವೆಂಬರ್ 2000

ಅಕ್ಕಾ,

ವರ್ಷದ ಮೇಲಾಯಿತು ನಿನಗೆ ಉದ್ದ ಪತ್ರ ಬರೆದು. ಬರೆಯುವಂಥದ್ದು ಏನೂ ಇರಲಿಲ್ಲ. ಹಾಲು, ಸೊಪ್ಪು, ಎಳ್ಳು ಎಲ್ಲಾ ತಿಂದೆ. ಬೆಂಕಿ ಹೋಗಲಿಲ್ಲ. ಇವರೂ ಅಂಗಡಿಯಲ್ಲೇ ಮಲಗುವುದು ಹೆಚ್ಚಾಯಿತು. ಕೊನೆಗೆ ಹೋದ ತಿಂಗಳು ಯಾರಿಗೂ ಹೇಳದೆ ಬಸ್ಸು ಹತ್ತಿ ಕೊಪ್ಪಳದ ದೊಡ್ಡ ಆಸ್ಪತ್ರೆಗೆ ಹೋದೆ. ಅಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ. ನಾನು ಹೇಳುವುದನ್ನು ಪೂರ್ತಿ ಕೇಳಿದರು, ನಡುವೆ ಬಾಯಿ ಹಾಕಲಿಲ್ಲ. ಸ್ಕ್ಯಾನಿಂಗ್ ಮಾಡಿಸಿದರು.

"ವಯಸ್ಸೆಷ್ಟವಾ?"

"ಮೂವತ್ನಾಕ್ರಿ."

"ನಿನಗ ಮೂವತ್ನಾಕು. ನಿನ್ನ ಮೈಗೆ ಮಾತ್ರ ಮುಟ್ಟು ನಿಂತೇತಿ ಅಂತ ತಿಳದೈತಿ. ಗರ್ಭಚೀಲ ಅಷ್ಟ ಅಲ್ಲ, ಎರಡೂ ಅಂಡಾಶಯ ತೆಗದಾರ. ನಿನಗ ಯಾರೂ ಹೇಳಲಿಲ್ಲೇನು?"

ಇಲ್ಲರಿ ಎಂದೆ. ಅವರು ಸ್ಕ್ಯಾನಿಂಗ್ ಚಿತ್ರವನ್ನು ನನ್ನ ಕಡೆ ತಿರುಗಿಸಿದರು. ಆಮೇಲೆ ತಿಳಿಸಿ ಹೇಳಿದರು. ಅಂಡಾಶಯದಿಂದ ಹಾರ್ಮೋನ್ ಎಂಬ ರಸ ಬರುತ್ತದಂತೆ. ಎಲುಬಿಗೆ, ಎದೆಗೆ, ನಿದ್ರೆಗೆ, ಮನಸ್ಸಿಗೆ ಎಲ್ಲಕ್ಕೂ ಅದು ಬೇಕಂತೆ. ತಾನಾಗಿ ನಿಲ್ಲುವುದು ಐವತ್ತರ ಹತ್ತಿರ. ನನಗೆ ಒಂದೇ ದಿನದಲ್ಲಿ ನಿಂತುಹೋಗಿದೆ. "ನಿನ್ನ ಮೈ ಮಾಡಬೇಕಾದ ಕೆಲಸ ಈ ಗುಳಿಗಿ ಮಾಡ್ತೈತಿ. ದಿನಾ ಒಂದು. ಐವತ್ತರ ತನಕ ಬಿಡಬ್ಯಾಡ. ವರ್ಷಕ್ಕೊಮ್ಮೆ ಬಂದು ಎದಿ ತೋರಿಸು, ಬಿಪಿ ತೋರಿಸು" ಎಂದರು.

ಅಕ್ಕಾ, ಮೂರು ವಾರ ನುಂಗಿದ್ದೇನೆ. ನಿನ್ನೆ ಬೆಳಕು ಹರಿಯುವವರೆಗೂ ಎಚ್ಚರವಿಲ್ಲದೆ ಮಲಗಿದ್ದೆ. ಎದ್ದು ಕುಳಿತು ಮೈ ಮುಟ್ಟಿ ನೋಡಿಕೊಂಡೆ. ಒಣಗಿತ್ತು.

ಆ ಗಂಗಾವತಿ ಡಾಕ್ಟರಿಗೆ ಒಳ್ಳೆಯದಾಗುವುದಿಲ್ಲ. ನನಗಂತೂ ಹೇಳಲಿಲ್ಲ, ಒಳಗೇ ನಿಂತಿದ್ದ ನಿನಗೂ ಹೇಳದೆ ಕದ್ದು ತೆಗೆದನಲ್ಲ! ಅವನ ಕೈ ಸೇದಿಹೋಗಲಿ. ಇದನ್ನು ಓದಿ ನೀನು ಎಷ್ಟು ನೊಂದುಕೊಳ್ಳುತ್ತೀಯೋ ಎಂದು ಬರೆಯಲೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ. ನಿನ್ನ ತಪ್ಪಿಲ್ಲ ಅಕ್ಕಾ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಒಂದೇ ತೊಂದರೆ. ಈ ಗುಳಿಗೆ ಇಲ್ಲಿ ಸಿಗುವುದಿಲ್ಲ, ಕುಷ್ಟಗಿಯಲ್ಲೂ ಇಲ್ಲ. ಗಂಗಾವತಿಯಲ್ಲಿ ಸಿಕ್ಕರೆ ಕಳಿಸು.

ಕಳಕಮ್ಮ


ಕಾರಟಗಿ
1 ಡಿಸೆಂಬರ್ 2000

ಕಳಕೀ,

ಪತ್ರ ಮುಟ್ಟಿತು. ಡಾಕ್ಟರ್ ಹೇಳಿದ ಹಾಗೆ ಗುಳಿಗೆ ತೆಗೆದುಕೋ. ಗಂಗಾವತಿಯಲ್ಲಿ ಸಿಗುತ್ತದೆ. ಮೂರು ತಿಂಗಳದ್ದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ್ದೇನೆ. ಮುಂದೆಯೂ ಹಾಗೆಯೇ ಕಳಿಸುತ್ತೇನೆ.

ಆದದ್ದು ಆಯಿತು. ಯಾರಿಗೂ ಶಾಪ ಹಾಕಬೇಡ.

ಹೊಳಿಯಮ್ಮ


ತಾವರಗೇರಾ
7 ಜುಲೈ 2002

ಅಕ್ಕಾ,

ಇವತ್ತು ಭಾನುವಾರ. ತಲೆಗೆ ಎರೆದುಕೊಂಡು, ಕೂದಲು ಹರವಿಕೊಂಡು, ಬಾಗಿಲ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಸುದ್ದಿ ಕೇಳು. ನನಗೆ ಕೆಲಸ ಸಿಕ್ಕಿದೆ! ಸಾಲಿಯಲ್ಲಿ ಮಕ್ಕಳಿಗೆ ಬಿಸಿಯೂಟ ಶುರುವಾಗಿದೆಯಲ್ಲ, ನಮ್ಮ ಸಾಲಿಗೆ ನಾನೇ ಮುಖ್ಯ ಅಡುಗೆಯವಳು. ಇಮಾಮಬೀಯೂ ಜೊತೆಗಿದ್ದಾಳೆ. ಮುನ್ನೂರು ಮಕ್ಕಳಿಗೆ ಅನ್ನ, ಸಾರು. ದೊಡ್ಡ ಬೋಗುಣಿ ಇಬ್ಬರೂ ಹಿಡಿದು ಇಳಿಸುತ್ತೇವೆ. ಮೊದಲ ದಿನ ಅನ್ನ ಮುದ್ದೆಯಾಗಿ ಹೆಡ್‌ಮಾಸ್ತರರು, "ಏನವಾ ಕಳಕಮ್ಮ, ಉಣ್ಣೂದೋ ಗ್ವಾಡಿಗೆ ಹಚ್ಚೂದೋ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡು ವರ್ಷದ ಹಿಂದೆ ಆಗಿದ್ದರೆ ಅತ್ತು ಮನೆಗೆ ಹೋಗುತ್ತಿದ್ದೆ.

ಇವರು ಅಂಗಡಿಯಲ್ಲಿ ಮಲಗುವುದು ಬಿಟ್ಟಿದ್ದಾರೆ. ಇದನ್ನೂ ನಿನಗೆ ಬರೆಯುವಷ್ಟು ನಾಚಿಕೆ ಬಿಟ್ಟಿದ್ದೇನೆ ನೋಡು. ಮೊನ್ನೆ ಅವ್ವನನ್ನು ನೋಡಲು ಇಟಗಿಗೆ ಹೋದಾಗ ಮೂವರೂ ಮಹಾದೇವನ ಗುಡಿಗೆ ಹೋದೆವು. ಸಹನಾ ಕಂಬ ಕಂಬ ಸುತ್ತಿದಳು, ಇವರು ಆಕೆಯ ಹಿಂದೆ ಓಡಿದರು. ಅವ್ವ ನನ್ನ ಮುಖ ನೋಡಿ, "ಈಗ ನನ್ನ ಮಗಳು ಕಾಣಾಕ ಹತ್ತ್ಯಾಳ" ಎಂದಳು.

ಇದೆಲ್ಲ ಆ ಒಂದು ಸಣ್ಣ ಗುಳಿಗೆಯಿಂದ, ಮತ್ತೆ ಅದನ್ನು ತಪ್ಪದೆ ಕಳಿಸುವ ನಿನ್ನಿಂದ. ನೀನು ಮಾತ್ರ ಯಾಕೋ ಎರಡೇ ಸಾಲು ಬರೆಯುತ್ತೀಯ. ನೌಕರಿಯವಳಿಗೆ ತಂಗಿಯ ಮೇಲೆ ಬೇಸರ ಬಂತೇನು? ಒಂದು ಸಲ ಬಾ. ನನ್ನ ಕೈಯ ಅನ್ನ ಈಗ ಬಿಡಿಬಿಡಿಯಾಗಿ ಆಗುತ್ತದೆ.

ಕಳಕಮ್ಮ


ಕಾರಟಗಿ
19 ಆಗಸ್ಟ್ 2002

ಕಳಕೀ,

ಇದನ್ನು ಓದಿದ ಕೂಡಲೇ ಗುಳಿಗೆ ನಿಲ್ಲಿಸು. ನಾಳೆ ಎನ್ನಬೇಡ.

ಪೇಪರಿನಲ್ಲಿ ಬಂದಿದೆ. ಅಮೆರಿಕದಲ್ಲಿ ಸಾವಿರಾರು ಹೆಂಗಸರಿಗೆ ಈ ಹಾರ್ಮೋನ್ ಗುಳಿಗೆ ಕೊಟ್ಟು ವರ್ಷಗಟ್ಟಲೆ ಪರೀಕ್ಷೆ ಮಾಡುತ್ತಿದ್ದರಂತೆ. ಎದೆಯ ಕ್ಯಾನ್ಸರ್ ಬರುತ್ತದೆ, ಹೃದಯಕ್ಕೂ ಕೆಟ್ಟದ್ದು ಎಂದು ಗೊತ್ತಾಗಿ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದ್ದಾರೆ. ಎರಡು ವರ್ಷದಿಂದ ನನ್ನ ಕೈಯಾರೆ ನಿನಗೆ ಇದನ್ನು ಕಳಿಸುತ್ತಿದ್ದೇನೆ. ಚಿಗವ್ವನ ಹೊಟ್ಟೆ ಕಣ್ಣ ಮುಂದೆ ಬಂತು. ಒಂದು ಸಲ ಆದದ್ದು ಸಾಕು, ನನ್ನಿಂದ ನಿನಗೆ ಮತ್ತೊಂದು ಆಗಬಾರದು.

ಇನ್ನು ನಾನು ಗುಳಿಗೆ ಕಳಿಸುವುದಿಲ್ಲ. ಉಳಿದದ್ದನ್ನು ಬಚ್ಚಲಿಗೆ ಚೆಲ್ಲು. ಸ್ವಲ್ಪ ದಿನ ಬೆಂಕಿ ಬಂದರೂ ತಡೆದುಕೋ. ಬೆಂಕಿಯಿಂದ ಯಾರೂ ಸಾಯುವುದಿಲ್ಲ, ಕ್ಯಾನ್ಸರಿನಿಂದ ಸಾಯುತ್ತಾರೆ.

ಹೊಳಿಯಮ್ಮ


ತಾವರಗೇರಾ
10 ಸೆಪ್ಟೆಂಬರ್ 2002

ಅಕ್ಕಾ,

ನಿಲ್ಲಿಸಿದ್ದೇನೆ.

ಕೊಪ್ಪಳದ ಡಾಕ್ಟರಮ್ಮನನ್ನು ಒಂದು ಮಾತು ಕೇಳಲೇ ಎಂದು ಅನ್ನಿಸಿತು. ಐವತ್ತರ ತನಕ ಬಿಡಬೇಡ ಎಂದಿದ್ದರಲ್ಲ. ಇವರೂ "ಕೇಳಿ ಬಾ" ಎಂದರು. ಆಮೇಲೆ, ನೀನು ಇಷ್ಟು ಹೆದರಿ ಬರೆದಿರುವಾಗ ನಿನ್ನ ಮಾತು ಮೀರಿ ಮತ್ತೊಬ್ಬರನ್ನು ಕೇಳುವುದು ಸರಿ ಅನ್ನಿಸಲಿಲ್ಲ. ನೀನು ಯಾವತ್ತೂ ನನ್ನ ಕೆಟ್ಟದ್ದಕ್ಕೆ ಹೇಳಿದವಳಲ್ಲ.

"ಒಂದು ಸಲ ಆದದ್ದು" ಎಂದು ಬರೆದಿದ್ದೀಯಲ್ಲ, ಏನು ಅದು? ಆ ಡಾಕ್ಟರ್ ಮಾಡಿದ್ದನ್ನು ನಿನ್ನ ತಲೆಗೆ ಹಾಕಿಕೊಳ್ಳಬೇಡ.

ನಾನು ಆರಾಮ ಇದ್ದೇನೆ. ಒಲೆಯ ಮುಂದಿನ ಕೆಲಸ ನೋಡು, ಬೆವರಿದರೂ ಯಾರೂ ಯಾಕೆ ಎಂದು ಕೇಳುವುದಿಲ್ಲ.

ಕಳಕಮ್ಮ


ಕಾರಟಗಿ
23 ಜನವರಿ 2005

ಕಳಕಮ್ಮಾ,

ಅವ್ವ ಹೋಗಿ ಇವತ್ತಿಗೆ ಒಂದು ತಿಂಗಳು. ದಿನಕರ್ಮದ ದಿನ ನೀನು ಮೂಲೆಯಲ್ಲಿ ಕುಳಿತವಳು ನನ್ನ ಜೊತೆ ಎರಡು ಮಾತು ಆಡಲಿಲ್ಲ. ನೀರು ತಂದುಕೊಡು ಎಂದರೆ, "ನನಗ ಕೆಲಸ ಹೇಳಬ್ಯಾಡ, ನಾ ಏನ್ ನಿನ್ನ ಆಳಲ್ಲ" ಎಂದು ಬಂದವರೆಲ್ಲರ ಮುಂದೆ ಅಂದೆ. ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ. ನಾನು ಏನು ತಪ್ಪು ಮಾಡಿದೆ? ಎರಡು ವರ್ಷದಿಂದ ಪತ್ರವಿಲ್ಲ. ಸಂಬಳ ಬರುವ ಕೆಲಸ ಸಿಕ್ಕಿತೆಂದು ಅಕ್ಕ ಬೇಡವಾದಳೇ? ಅವ್ವ ಇರುವವರೆಗೆ ಆಕೆಯ ಬಾಯಿಂದಲಾದರೂ ನಿನ್ನ ಸುದ್ದಿ ತಿಳಿಯುತ್ತಿತ್ತು. ಇನ್ನು ಅದೂ ಇಲ್ಲ.

ಹೊಳಿಯಮ್ಮ


ತಾವರಗೇರಾ
9 ಫೆಬ್ರುವರಿ 2005

ಅಕ್ಕಾ,

ಸಿಟ್ಟು ಇಲ್ಲ. ಅವತ್ತು ಬಾಯಿ ತಪ್ಪಿ ಬಂತು. ಮೊದಲಿನ ಹಾಗೆ ನನ್ನ ನಾಲಗೆ ನನ್ನ ಕೈಯಲ್ಲಿಲ್ಲ. ಕೆಲಸ ಹೆಚ್ಚು. ನಾವೆಲ್ಲ ಆರಾಮ.

ಕಳಕಮ್ಮ


ತಾವರಗೇರಾ
3 ಮಾರ್ಚ್ 2008

ಅಕ್ಕಾ,

ಈ ಪತ್ರ ಉದ್ದವಾಗುತ್ತದೆ. ಮಂಚದ ಮೇಲೆ ಒರಗಿ ಬರೆಯುತ್ತಿದ್ದೇನೆ.

ಸಂಕ್ರಾಂತಿಯ ಮರುದಿನ ಸಾಲಿಯ ಅಡುಗೆಮನೆಯ ಹೊಸ್ತಿಲಿಗೆ ಕಾಲು ತಾಗಿ ಬಿದ್ದೆ. ಜೋರಾಗಿ ಏನೂ ಬೀಳಲಿಲ್ಲ, ಕೈ ಊರಿದೆ, ಅಷ್ಟೇ. ಎಡಗೈ ಮಣಿಕಟ್ಟು ಮುರಿಯಿತು. ಅದು ಕೂಡುವಷ್ಟರಲ್ಲಿ, ಒಂದು ದಿನ ಬಗ್ಗಿ ನೀರಿನ ಬಕೆಟ್ ಎತ್ತಿದೆ, ಬೆನ್ನಿನಲ್ಲಿ ಕಟಕ್ ಎಂದಿತು. ಉಸಿರು ಹಿಡಿದುಹೋಯಿತು. ಇಮಾಮಬೀ ಮತ್ತು ಇವರು ಸೇರಿ ಗಾಡಿಯಲ್ಲಿ ಮಲಗಿಸಿ ಕೊಪ್ಪಳಕ್ಕೆ ಕರೆದೊಯ್ದರು.

ಅದೇ ಡಾಕ್ಟರಮ್ಮ ಇದ್ದಾರೆ, ಕೂದಲು ಬೆಳ್ಳಗಾಗಿದೆ. ಎಲುಬಿನ ಡಾಕ್ಟರು ತೆಗೆಸಿದ ಎಕ್ಸರೇ ನೋಡಿ ನನ್ನ ಹಳೆಯ ಚೀಟಿಯನ್ನು ತಿರುವಿದರು. ಬೆನ್ನಿನ ಒಂದು ಎಲುಬು ಕುಸಿದು ಚಪ್ಪಟೆಯಾಗಿದೆ. "ನಲವತ್ತೆರಡು ವಯಸ್ಸಿಗೆ ಎಪ್ಪತ್ತರ ಎಲುಬು ಆಗ್ಯಾವಲ್ಲವಾ. ಗುಳಿಗಿ ಯಾಕ ಬಿಟ್ಟಿ?" ಎಂದರು.

"ನಾನ ಮರ್ತೆ ಬಿಟ್ಟೆರಿ" ಎಂದೆ. ಇವರು ನನ್ನ ಮುಖ ನೋಡಿದರು. ನಾನು ಕಣ್ಣಿನಲ್ಲೇ ಸುಮ್ಮನಿರಿ ಎಂದೆ.

ಆಮೇಲೆ ತಡೆಯಲಾಗದೆ ಕೇಳಿದೆ. "ಅದರಿಂದ ಕ್ಯಾನ್ಸರ್ ಬರ್ತೈತಿ ಅಂತ ಪೇಪರಿನ್ಯಾಗ ಬಂದಿತ್ತಂತಲ್ಲರಿ?"

ಅವರು ಪೆನ್ನು ಕೆಳಗಿಟ್ಟರು. "ಬಂದಿತ್ತು. ಆ ಪರೀಕ್ಷಿ ಮಾಡಿದ್ದು ಮುಟ್ಟು ತಾನಾಗೇ ನಿಂತು, ಐವತ್ತು, ಅರವತ್ತು, ಎಪ್ಪತ್ತು ಆದ ಹೆಂಗಸರ ಮ್ಯಾಲ. ಅವರ ಗುಳಿಗ್ಯಾಗ ಇನ್ನೊಂದು ಔಷಧನೂ ಕೂಡಿತ್ತು. ನಿನ್ನ ಕಥಿನ ಬ್ಯಾರೆ. ನಿನಗ ಮೂವತ್ತಮೂರಕ್ಕ ಕಿತ್ತುಕೊಂಡಿದ್ದನ್ನ ನಾವು ತಿರುಗಿ ಕೊಡ್ತಿದ್ವಿ, ಅಷ್ಟ. ಹೆದರಿಕಿ ಇದ್ರ ಒಂದು ಸಲ ಬಂದು ಕೇಳಬಾರದಿತ್ತೇನ?"

ಈಗ ಮತ್ತೆ ಪರೀಕ್ಷೆ ಮಾಡಿ ಗುಳಿಗೆ ಕೊಟ್ಟಿದ್ದಾರೆ, ಎಲುಬಿಗೆ ಬೇರೆ ಔಷಧ. ಇನ್ನಷ್ಟು ಸವೆಯದ ಹಾಗೆ ನೋಡಿಕೊಳ್ಳಬಹುದು, ಕುಸಿದದ್ದು ಎದ್ದು ನಿಲ್ಲುವುದಿಲ್ಲ ಎಂದರು. ಬಾಗಿಲ ಪಕ್ಕದ ಗೋಡೆಯ ಗೂಡಿನಲ್ಲಿ ಉಪ್ಪಿನ ಡಬ್ಬಿ ಇರುತ್ತದಲ್ಲ, ಈಗ ಅದಕ್ಕೆ ಕೈ ಎಟಕುವುದಿಲ್ಲ. ಅಡುಗೆ ಕೆಲಸ ಹೋಯಿತು, ಇಮಾಮಬೀ ಮುಖ್ಯಳಾಗಿದ್ದಾಳೆ.

ನಿನ್ನನ್ನು ದೂರಲು ಇದನ್ನು ಬರೆಯುತ್ತಿಲ್ಲ. ನಿನ್ನ ಆರೋಗ್ಯ ಕೇಂದ್ರಕ್ಕೆ ನನ್ನಂಥವರು ಬಂದರೆ, ಆ ಪೇಪರಿನ ಮಾತು ನಂಬಿ ಅವರಿಗೂ ನಿಲ್ಲಿಸು ಎಂದೀಯ ಎಂದು ಬರೆದೆ.

ಕಳಕಮ್ಮ


ಕಾರಟಗಿ
15 ಮಾರ್ಚ್ 2008

ಕಳಕೀ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಬಸ್ಸು ಹತ್ತಿ ಬಂದುಬಿಡೋಣ ಎಂದು ಎರಡು ಸಲ ಸ್ಟ್ಯಾಂಡಿಗೆ ಹೋದೆ. ತಾವರಗೇರಾ ಬಸ್ಸು ಬಂತು, ಹತ್ತಲಿಲ್ಲ. ನಿನ್ನ ಮುಖ ನೋಡುವ ಮೊದಲು ನಿನಗೆ ಒಂದು ಮಾತು ಗೊತ್ತಾಗಬೇಕು. ಅದನ್ನು ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ.

ಆ ಡಾಕ್ಟರ್ ಕದ್ದು ತೆಗೆಯಲಿಲ್ಲ. ನನ್ನನ್ನು ಕೇಳಿ ತೆಗೆದ.

ನಿನ್ನ ಹೊಟ್ಟೆ ತೆರೆದಿತ್ತು. ನಾನು ತಲೆಯ ಹತ್ತಿರ ನಿಂತಿದ್ದೆ. ಅವರು ಕೈ ನಿಲ್ಲಿಸಿ ನನ್ನನ್ನು ನೋಡಿ, "ಸಿಸ್ಟರ್, ಒಂದು ಅಂಡಾಶಯದಾಗ ಸಣ್ಣ ನೀರಿನ ಗುಳ್ಳಿ ಐತಿ. ಇನ್ನೊಂದು ಛಲೋ ಐತಿ. ಬಿಡಬಹುದು. ಏನ್ ಮಾಡೂಣ್ರಿ?" ಎಂದರು. ಬಿಡಬಹುದು ಎಂದರು ಕಳಕೀ. ನನ್ನ ಕಿವಿಯಾರೆ ಕೇಳಿದೆ. ಆ ಗುಳ್ಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ ಬೇರೆ ಏನೂ ಕಾಣಲಿಲ್ಲ, ಚಿಗವ್ವನೇ ಕಂಡಳು. "ಎರಡೂ ತೆಗೆದುಬಿಡ್ರಿ ಸರ್. ಮುಂದ ಅದರ ಕಾಟ ಬ್ಯಾಡ" ಎಂದೆ. "ವಯಸ್ಸು ಸಣ್ಣದು" ಎಂದರು ಅವರು. "ಒಂದು ಮಗು ಆಗೇತಿ, ಸಾಕ್ರಿ" ಎಂದೆ. ಇಷ್ಟೇ ಮಾತು. ನೀನು ಮಲಗಿದ್ದೆ. ಹೊರಗೆ ಯಂಕೇಶ ಕುಳಿತಿದ್ದ, ಅವನನ್ನೂ ಕೇಳಲಿಲ್ಲ. ಅವರೂ ಮತ್ತೆ ಕೇಳಲಿಲ್ಲ, ತೆಗೆದರು.

ನಾನು ಅರೆಬರೆ ಕಲಿತವಳು. ಹೆರಿಗೆ ಮಾಡಿಸುವುದು ಗೊತ್ತು, ಸೂಜಿ ಚುಚ್ಚುವುದು ಗೊತ್ತು. ಅಂಡಾಶಯ ಹೋದರೆ ಏನಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ. ನೀನು ಬೆಂಕಿ ಬೆಂಕಿ ಎಂದು ಬರೆದಾಗ ಗೊತ್ತಾಯಿತು. ಚೀಟಿ ಕಳೆದಿರಲಿಲ್ಲ, ನನ್ನ ಟ್ರಂಕಿನಲ್ಲೇ ಇತ್ತು. ಅದನ್ನು ಕಳಿಸಿದ್ದರೆ ಒಂದೂಕಾಲು ವರ್ಷ ಮೊದಲೇ ನಿನಗೆ ಗುಳಿಗೆ ಸಿಗುತ್ತಿತ್ತು. ನೀನು ಆ ಡಾಕ್ಟರಿಗೆ ಶಾಪ ಹಾಕಿ ಬರೆದೆ. ಅವನ ಕೈ ಸೇದಿಹೋಗಲಿ ಎಂದೆ. ಆ ಸಾಲು ಓದುವಾಗ ನನ್ನ ಕೈಯನ್ನೇ ನೋಡಿಕೊಂಡೆ. ಆದರೂ ಬಾಯಿ ಬಿಡಲಿಲ್ಲ. ನೀನೊಬ್ಬಳಾದರೂ ನನ್ನನ್ನು ನಂಬಿದ್ದೆ, ಅದು ಹೋದರೆ ನನಗೆ ಏನು ಉಳಿಯುತ್ತದೆ ಎಂದು.

ಪೇಪರ್ ಓದಿದಾಗಲೂ ಅಷ್ಟೇ. ನಮ್ಮ ದೊಡ್ಡ ಡಾಕ್ಟರನ್ನು ಕೇಳಬಹುದಿತ್ತು, ಪಕ್ಕದ ಕೋಣೆಯಲ್ಲೇ ಕೂಡುತ್ತಿದ್ದರು. ಕೇಳಿದರೆ, ಯಾರಿಗೆ, ಯಾಕೆ, ಯಾವಾಗ ತೆಗೆದರು ಎಂದು ಕೇಳುತ್ತಾರೆ. ಅದಕ್ಕೆ ಹೆದರಿದೆ. ನಿನ್ನನ್ನು ಉಳಿಸುತ್ತಿದ್ದೇನೆ ಎಂದುಕೊಂಡೆ.

ನೀನು ನನಗೋಸ್ಕರ "ನಾನ ಮರ್ತೆ" ಎಂದೆಯಂತಲ್ಲ. ಅದನ್ನು ನಾನು ಹೊರಲಾರೆ. ಮುಂದಿನ ಸಲ ಹೋದಾಗ ನಿಜ ಹೇಳಿಬಿಡು.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ.

ಹೊಳಿಯಮ್ಮ


ತಾವರಗೇರಾ
22 ಜುಲೈ 2008

ಅಕ್ಕಾ,

ನಾಲ್ಕು ತಿಂಗಳಾಯಿತು ನಿನ್ನ ಪತ್ರ ಬಂದು. ಮೂರು ಸಲ ಬರೆಯಲು ಕುಳಿತೆ. ಮೂರೂ ಸಲ ಬರೀ ಬೈಗುಳ ಬಂತು, ಹರಿದು ಒಲೆಗೆ ಹಾಕಿದೆ. ನೀನು ಸಹನಾಳಿಗೆ ಎರಡು ಸಲ ಫೋನ್ ಮಾಡಿ ಕೇಳಿದೆ. ನಾನೇ ಮಾತಾಡುವುದಿಲ್ಲ ಎಂದು ಹೇಳಿಸಿದ್ದೆ.

ಆಪರೇಶನ್ ಕೋಣೆಯ ಮಾತು ಓದಿ ನನಗೆ ಸಿಟ್ಟು ಬಂತು, ಹೋಯಿತು. ಚಿಗವ್ವನ ಭಯ ನಮ್ಮ ಮನೆಯ ಎಲ್ಲ ಹೆಂಗಸರಿಗೂ ಇತ್ತು. ಎಚ್ಚರವಿದ್ದು ನನ್ನನ್ನು ಕೇಳಿದ್ದರೆ ನಾನೂ ತೆಗೆಯಿರಿ ಎನ್ನುತ್ತಿದ್ದೆನೇನೋ. ಪೇಪರ್ ಓದಿ ಹೆದರಿದ್ದೂ ನನಗೆ ತಿಳಿಯುತ್ತದೆ. ನನಗೆ ಇಳಿಯದೆ ನಿಂತಿರುವುದು ನಡುವಿನ ಮಾತು. ನಾನು ಆ ಮನುಷ್ಯನಿಗೆ ಶಾಪ ಹಾಕಿ ಬರೆದೆ, ನೀನು ಓದಿ ಮಡಚಿಟ್ಟು, ಆದದ್ದು ಆಯಿತು ಎಂದು ಬರೆದೆ. ಆಗ ನೀನು ನಿಜ ಬರೆದಿದ್ದರೆ ನಾನು ಒಂದು ತಿಂಗಳು ಅತ್ತು ಸುಮ್ಮನಾಗುತ್ತಿದ್ದೆ. ಎರಡು ವರ್ಷದ ಮೇಲೆ ನೀನು ನಿಲ್ಲಿಸು ಎಂದಾಗ, ತಡಿ, ಒಂದು ಸಲ ಕೊಪ್ಪಳಕ್ಕೆ ಹೋಗಿ ಕೇಳುತ್ತೇನೆ ಎನ್ನುತ್ತಿದ್ದೆ. ಅಕ್ಕನೂ ತಪ್ಪಬಹುದು ಎಂದು ನನಗೆ ಗೊತ್ತಿರುತ್ತಿತ್ತು. ನೀನು ನನಗೆ ಅದನ್ನು ಗೊತ್ತಾಗಲು ಬಿಡಲಿಲ್ಲ.

ನನ್ನ ತಪ್ಪೂ ಇದೆ. ಆರು ವರ್ಷ ಏನೂ ಹೇಳಲಿಲ್ಲ, ಬರೆದಾಗೆಲ್ಲ ಆರಾಮ ಎಂದೆ. ಅವ್ವನ ದಿನಕರ್ಮಕ್ಕೆ ಬಂದಾಗ ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ, ಯಾರಾದರೂ ಮುಟ್ಟಿದರೆ ಸಿಡಿಯುವ ಹಾಗಿದ್ದೆ. ಅದನ್ನು ಹೇಳುವ ಬದಲು ಬಸ್ಸು ಹತ್ತಿದೆ. ಇವರಿಗೂ ಹೇಳಲಿಲ್ಲ. ಗುಳಿಗೆ ಬಿಟ್ಟ ಮೇಲೆ ಮತ್ತೆ ನೋವು ಶುರುವಾಯಿತು, ನಾನು ಮುಖ ತಿರುಗಿಸಿದೆ, ಅವರು ಮತ್ತೆ ಅಂಗಡಿಗೆ ಹಾಸಿಗೆ ಒಯ್ದರು. ಹೋದ ತಿಂಗಳು ನಿನ್ನ ಪತ್ರವನ್ನು ಅವರ ಕೈಗೆ ಕೊಟ್ಟು ಎಲ್ಲಾ ಹೇಳಿದೆ. ಪತ್ರವನ್ನು ಎರಡು ಸಲ ಓದಿದರು. "ನಿನಗ ನನ್ನ ಮ್ಯಾಲ ಮನಸಿಲ್ಲ ಅಂತ ತಿಳಕೊಂಡಿದ್ದೆ. ಆರು ವರ್ಷ ಆತಲ್ಲ ಕಳಕಿ. ಒಂದು ಮಾತು ಹೇಳಬಾರದಿತ್ತೇನ?" ಎಂದರು. ಆಮೇಲೆ ಅಂಗಡಿಗೆ ಹೋಗಿ ಹಾಸಿಗೆ ಸುತ್ತಿಕೊಂಡು ಬಂದರು. ನಮ್ಮಿಬ್ಬರಿಗೂ ತಲೆ ಬೆಳ್ಳಗಾಗಿದೆ. ಹೋದ ವರ್ಷಗಳನ್ನು ಯಾವ ಡಾಕ್ಟರೂ ಬರೆದುಕೊಡುವುದಿಲ್ಲ.

ಈಗ ನಾನು ನಿದ್ರೆ ಮಾಡುತ್ತೇನೆ. ಬೆಂಕಿ ಹೋಗಿದೆ. ಬೆನ್ನು ಸ್ವಲ್ಪ ಬಾಗಿಯೇ ಇರುತ್ತದೆ. ಸಹನಾ ಕಾಲೇಜು ಸೇರಿದ್ದಾಳೆ, ನನಗಿಂತ ಮೂರು ಬೆರಳು ಎತ್ತರ ಕಾಣುತ್ತಾಳೆ. ಮೊದಲು ಇಬ್ಬರೂ ಸರಿಸಮ ಇದ್ದೆವು.

ಬರುವ ತಿಂಗಳ ಹನ್ನೆರಡಕ್ಕೆ ಕೊಪ್ಪಳಕ್ಕೆ ತೋರಿಸಲು ಹೋಗಬೇಕು. ನಾನಂತೂ ಡಾಕ್ಟರಮ್ಮನಿಗೆ ನಿಜ ಹೇಳುತ್ತೇನೆ. ನೀನೂ ಬಾ. ಗಂಗಾವತಿಯಿಂದ ಬೆಳಗಿನ ಬಸ್ಸು ಹಿಡಿದರೆ ಹತ್ತಕ್ಕೆ ಮುಟ್ಟುತ್ತೀಯ. ನಿನ್ನನ್ನು ನೋಡಿ ಮೂರೂವರೆ ವರ್ಷವಾಯಿತು. ನೋಡಿದರೆ ಅಳುತ್ತೇನೋ, ಬೈಯುತ್ತೇನೋ, ನನಗೇ ಗೊತ್ತಿಲ್ಲ, ಆದರೂ ಬಾ.

ಆದರೆ ಡಾಕ್ಟರಮ್ಮನ ಕೋಣೆಯೊಳಗೆ ನಾನೊಬ್ಬಳೇ ಹೋಗುತ್ತೇನೆ. ಅವರು ಕೇಳಿದ್ದಕ್ಕೆ ನಾನೇ ಉತ್ತರ ಹೇಳುತ್ತೇನೆ. ನೀನು ಹೊರಗೆ ಬೆಂಚಿನ ಮೇಲೆ ಕುಳಿತಿರು. ಹೊರಗೆ ಬಂದ ಮೇಲೆ ನಿನ್ನ ಮಗ್ಗುಲಲ್ಲಿ ಕುಳಿತು, ಅವರು ಏನೇನು ಹೇಳಿದರು ಎಂದು ಒಂದೂ ಬಿಡದೆ ಹೇಳುತ್ತೇನೆ.

ಕಳಕಮ್ಮ